ವಯೋವೃದ್ಧ ಮಾಜಿ ಸೈನಿಕರ ಶುಶ್ರೂಷೆ: ವೃದ್ಧಾಪ್ಯ ವೈದ್ಯರ ಪಾತ್ರ ಮತ್ತು ಉತ್ತರ ಬೆಂಗಳೂರಿನ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಬೆಂಗಳೂರಿನ ಉತ್ತರ ಭಾಗವು ಸೇನೆಯೊಂದಿಗೆ ಬಹುಕಾಲದ ನಂಟು ಹೊಂದಿರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಾಲಹಳ್ಳಿಯಲ್ಲಿ ಸೇನಾ ಆಸ್ಪತ್ರೆಗಳಿದ್ದವು. ಯಲಹಂಕ ಹಾಗೂ ಜಾಲಹಳ್ಳಿಯಲ್ಲಿ ವಾಯುಪಡೆಯ ನೆಲೆಗಳೂ ಹೆಬ್ಬಾಳದಲ್ಲಿ ವಾಯುಪಡೆಯ ತರಬೇತಿ ಕಮಾಂಡಿನ ಕೇಂದ್ರ ಕಚೇರಿಯೂ ಇವೆ. ಆರ್.ಟಿ. ನಗರಕ್ಕೆ ಸಮೀಪದಲ್ಲಿ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರವಿದೆ. ಇಲ್ಲಿ ಸೇವೆ ಸಲ್ಲಿಸಿದವರಲ್ಲಿ ಅನೇಕರು ನಿವೃತ್ತಿಯ ನಂತರ ಯಲಹಂಕ, ವಿದ್ಯಾರಣ್ಯಪುರ, ಸಹಕಾರನಗರ, ಹೆಬ್ಬಾಳ, ಯಶವಂತಪುರ ಮುಂತಾದ ಬಡಾವಣೆಗಳಲ್ಲಿಯೇ ನೆಲೆಸಿರುತ್ತಾರೆ. 1962, 1965 ಮತ್ತು 1971ರ ಯುದ್ಧಗಳಲ್ಲಿ ಭಾಗವಹಿಸಿ ಬದುಕಿರುವ ಸೈನಿಕರು ಇಂದು ಎಪ್ಪತ್ತು, ಎಂಬತ್ತು, ತೊಂಬತ್ತರ ವಯಸ್ಸಿನವರಾಗಿದ್ದಾರೆ.

ಈ ವಯಸ್ಸಿನವರಿಗೆ ಬೇಕಾಗುವ ಆರೈಕೆಯು ಸಾಮಾನ್ಯ ಆಸ್ಪತ್ರೆ ಚಿಕಿತ್ಸೆಗಿಂತ ಭಿನ್ನವಾದುದು. ಮಾಜಿ ಸೈನಿಕರ ಶುಶ್ರೂಷಾ ಗೃಹದ ಮುಖ್ಯಸ್ಥರಾದ ವೃದ್ಧಾಪ್ಯ ವೈದ್ಯರ ಕರ್ತವ್ಯಗಳು, ದಾಖಲಾತಿಗೆ ಮುನ್ನ ಕುಟುಂಬದವರು ವಿಚಾರಿಸಬೇಕಾದ ವಿಷಯಗಳು ಹಾಗೂ ಕೇಂದ್ರ ಮತ್ತು ರಾಜ್ಯ ಸರ್ಕಾರಗಳಿಂದ ದೊರೆಯುವ ಸೌಲಭ್ಯಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಪುಟದಲ್ಲಿ ವಿವರಿಸಲಾಗಿದೆ.

2. ವೃದ್ಧಾಪ್ಯ ವೈದ್ಯಶಾಸ್ತ್ರ ಎಂದರೇನು?

ವೃದ್ಧರ ಕಾಯಿಲೆಗಳನ್ನೂ ಅವರ ದೈನಂದಿನ ಸಾಮರ್ಥ್ಯವನ್ನೂ ಒಟ್ಟಾಗಿ ಪರಿಗಣಿಸುವ ವೈದ್ಯಶಾಸ್ತ್ರದ ಶಾಖೆಗೆ ಜೆರಿಯಾಟ್ರಿಕ್ಸ್ ಅಥವಾ ವೃದ್ಧಾಪ್ಯ ವೈದ್ಯಶಾಸ್ತ್ರ ಎಂದು ಹೆಸರು. ಭಾರತದಲ್ಲಿ ಈ ವಿಷಯದಲ್ಲಿ ಎಂ.ಡಿ. ಪದವಿ ಶಿಕ್ಷಣವು ಮೊದಲಿಗೆ ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ 1996ರಲ್ಲಿ ಆರಂಭವಾಯಿತು. ವೃದ್ಧರ ಆರೋಗ್ಯ ಆರೈಕೆಯ ರಾಷ್ಟ್ರೀಯ ಕಾರ್ಯಕ್ರಮವು 2010-11ನೇ ಸಾಲಿನಲ್ಲಿ ಜಾರಿಗೆ ಬಂದಿತು. ಈ ಪದವಿ ಪಡೆದ ತಜ್ಞರ ಸಂಖ್ಯೆ ಇಂದಿಗೂ ಕಡಿಮೆ ಇರುವುದರಿಂದ, ಸಾಮಾನ್ಯ ವೈದ್ಯಶಾಸ್ತ್ರದಲ್ಲಿ ಎಂ.ಡಿ. ಪಡೆದವರು ಅಥವಾ ವೃದ್ಧಾಪ್ಯ ವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಹೊಂದಿದವರು ಅನೇಕ ಕಡೆ ಈ ಹೊಣೆಯನ್ನು ನಿರ್ವಹಿಸುತ್ತಾರೆ.

ಹೃದ್ರೋಗ ತಜ್ಞರು ಹೃದಯವನ್ನೂ, ಮೂಳೆ ತಜ್ಞರು ಮೂಳೆಯನ್ನೂ ನೋಡುತ್ತಾರೆ. ಎಂಬತ್ತೈದು ವರ್ಷದ ವ್ಯಕ್ತಿಗೆ ರಕ್ತದೊತ್ತಡ, ಮಧುಮೇಹ, ಮಂಡಿ ನೋವು, ಮರೆವು ಮತ್ತು ಮೂತ್ರದ ತೊಂದರೆ ಒಂದೇ ಕಾಲದಲ್ಲಿ ಇರುತ್ತವೆ. ಒಂದಕ್ಕೆ ಕೊಟ್ಟ ಔಷಧಿಯು ಇನ್ನೊಂದನ್ನು ಉಲ್ಬಣಗೊಳಿಸುವ ಸಂಭವ ಹೆಚ್ಚು. ಆದುದರಿಂದ ಎಲ್ಲವನ್ನೂ ಒಟ್ಟಿಗೆ ತೂಗಿ ನೋಡಿ, ಯಾವುದಕ್ಕೆ ಮೊದಲು ಚಿಕಿತ್ಸೆ ಬೇಕು, ಯಾವುದನ್ನು ಬಿಡಬಹುದು ಎಂದು ನಿರ್ಧರಿಸುವುದು ವೃದ್ಧಾಪ್ಯ ವೈದ್ಯರ ಮುಖ್ಯ ಕೆಲಸವಾಗಿರುತ್ತದೆ.

3. ವೃದ್ಧಾಶ್ರಮ ಮತ್ತು ಶುಶ್ರೂಷಾ ಗೃಹದ ನಡುವಿನ ವ್ಯತ್ಯಾಸ

ಈ ಎರಡೂ ಒಂದೇ ಎಂಬ ತಪ್ಪು ತಿಳಿವಳಿಕೆ ಸಾಮಾನ್ಯವಾಗಿರುತ್ತದೆ. ಅರ್ಜಿದಾರರು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

(ಅ) ವೃದ್ಧಾಶ್ರಮವು ವಾಸ, ಊಟ ಮತ್ತು ಸಾಮಾನ್ಯ ಮೇಲ್ವಿಚಾರಣೆಯನ್ನು ಒದಗಿಸುವ ಸಂಸ್ಥೆ. ಹಿರಿಯ ನಾಗರಿಕರ ಕಾರ್ಯಕ್ರಮಗಳನ್ನು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯು ನಿರ್ವಹಿಸುತ್ತದೆ.

(ಆ) ಶುಶ್ರೂಷಾ ಗೃಹವು ವೈದ್ಯಕೀಯ ಸಂಸ್ಥೆ. ಖಾಸಗಿಯವರು ನಡೆಸುವ ಇಂತಹ ಸಂಸ್ಥೆಯು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯಲ್ಲಿ ನೋಂದಣಿಯಾಗಿರಬೇಕು. ನೋಂದಣಿ ಪ್ರಮಾಣಪತ್ರ ಹಾಗೂ ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಿರಬೇಕು.

(ಇ) ಸೊಂಟದ ಮೂಳೆ ಮುರಿದವರು, ಪಾರ್ಶ್ವವಾಯು ಪೀಡಿತರು, ಮೂಗಿನ ನಳಿಕೆಯಿಂದ ಆಹಾರ ಪಡೆಯುವವರು, ಹಾಸಿಗೆ ಹುಣ್ಣು ಇರುವವರು ಮತ್ತು ತೀವ್ರ ಮರೆವಿನ ಕಾಯಿಲೆ ಇರುವವರಿಗೆ ವೃದ್ಧಾಶ್ರಮದ ವ್ಯವಸ್ಥೆ ಸಾಲುವುದಿಲ್ಲ. ಇಂತಹವರಿಗೆ ಹಗಲು-ರಾತ್ರಿ ದಾದಿಯರಿರುವ ಶುಶ್ರೂಷಾ ಗೃಹ ಅವಶ್ಯಕ.

4. ಮುಖ್ಯ ವೈದ್ಯರ ಕರ್ತವ್ಯಗಳು

4.1 ದಾಖಲಾತಿ ಸಮಯದ ಸಮಗ್ರ ಪರೀಕ್ಷೆ: ದಾಖಲಾದ ವ್ಯಕ್ತಿಯು ತಾನಾಗಿ ಸ್ನಾನ, ಉಡುಪು, ಊಟ, ಶೌಚ ಹಾಗೂ ನಡಿಗೆ ನಿರ್ವಹಿಸಬಲ್ಲರೇ ಎಂಬುದನ್ನು ಮೊದಲು ದಾಖಲಿಸಲಾಗುತ್ತದೆ. ನಂತರ ದೃಷ್ಟಿ, ಶ್ರವಣ, ನೆನಪು, ಮನಸ್ಥಿತಿ, ತೂಕ, ಹಲ್ಲು ಮತ್ತು ನುಂಗುವ ಶಕ್ತಿಯನ್ನು ಪರೀಕ್ಷಿಸಲಾಗುತ್ತದೆ. ರೋಗದ ಹೆಸರಿಗಿಂತ ಈ ಸಾಮರ್ಥ್ಯಗಳ ಪಟ್ಟಿಯೇ ಮುಂದಿನ ಆರೈಕೆಗೆ ಆಧಾರ.

4.2 ಸೇವಾ ಚರಿತ್ರೆಯ ವಿಚಾರಣೆ: ಮಾಜಿ ಸೈನಿಕರ ವಿಷಯದಲ್ಲಿ ಇದು ವಿಶೇಷ ಮಹತ್ವದ್ದು. ಫಿರಂಗಿ ದಳದಲ್ಲಿ ಅಥವಾ ವಿಮಾನ ಎಂಜಿನ್‌ಗಳ ಬಳಿ ದುಡಿದವರಲ್ಲಿ ಶ್ರವಣದೋಷ ಹೆಚ್ಚು. ಕೇಳಿಸದೆ ಉತ್ತರಿಸದಿರುವುದನ್ನು ಮರೆವು ಎಂದು ಭಾವಿಸುವ ಅಪಾಯವಿದೆ. ಎತ್ತರದ ಹಿಮಪ್ರದೇಶದಲ್ಲಿದ್ದವರಿಗೆ ಹಿಮಹುಣ್ಣಿನಿಂದ ಬೆರಳುಗಳ ಸ್ಪರ್ಶಜ್ಞಾನ ಕುಂದಿರಬಹುದು. ದೇಹದಲ್ಲಿ ಹಳೆಯ ಲೋಹದ ಚೂರು ಉಳಿದಿದ್ದಲ್ಲಿ ಎಂ.ಆರ್.ಐ. ಪರೀಕ್ಷೆಗೆ ಮುನ್ನ ತಿಳಿಸಲೇಬೇಕು. ಯುದ್ಧದ ನೆನಪುಗಳು ಹಲವು ದಶಕಗಳ ನಂತರ, ಮರೆವಿನ ಕಾಯಿಲೆ ಆರಂಭವಾದಾಗ, ರಾತ್ರಿ ವೇಳೆಯ ಭಯ ಹಾಗೂ ಕೂಗಾಟವಾಗಿ ಮರುಕಳಿಸುವುದುಂಟು. ಇದನ್ನು ಹಟಮಾರಿತನವೆಂದು ಪರಿಗಣಿಸದೆ, ಬೆಳಕು, ಪರಿಚಿತ ಧ್ವನಿ ಮತ್ತು ಶಾಂತ ವಾತಾವರಣದಿಂದ ಸಮಾಧಾನಪಡಿಸಲು ಸಿಬ್ಬಂದಿಗೆ ತರಬೇತಿ ನೀಡುವುದು ಮುಖ್ಯ ವೈದ್ಯರ ಹೊಣೆ.

4.3 ಔಷಧಿಗಳ ಪರಿಶೀಲನೆ: ಹಲವು ತಜ್ಞರ ಚೀಟಿಗಳನ್ನು ಒಟ್ಟುಗೂಡಿಸಿದಾಗ ಒಬ್ಬರಿಗೆ ದಿನಕ್ಕೆ ಹತ್ತಕ್ಕೂ ಹೆಚ್ಚು ಮಾತ್ರೆಗಳಾಗುವುದುಂಟು. ಒಂದೇ ಔಷಧಿಯು ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಎರಡು ಬಾರಿ ಸೇರಿರುವುದೂ ಉಂಟು. ನಿದ್ರೆ ಮಾತ್ರೆಗಳು ಬೀಳುವಿಕೆಗೂ ಗೊಂದಲಕ್ಕೂ ಕಾರಣವಾಗುತ್ತವೆ. ನೋವು ನಿವಾರಕಗಳ ದೀರ್ಘ ಬಳಕೆಯಿಂದ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ಅನವಶ್ಯಕವಾದುದನ್ನು ಹಂತಹಂತವಾಗಿ ನಿಲ್ಲಿಸುವುದೂ ಚಿಕಿತ್ಸೆಯ ಭಾಗವೇ ಆಗಿದೆ. ಕುಟುಂಬದವರು ಇದನ್ನು ನಿರ್ಲಕ್ಷ್ಯವೆಂದು ಭಾವಿಸಬಾರದು. ಕಾರಣವನ್ನು ವೈದ್ಯರಿಂದ ಕೇಳಿ ತಿಳಿಯಬಹುದು.

4.4 ಬೀಳುವಿಕೆ ತಡೆ: ವೃದ್ಧರಲ್ಲಿ ಸೊಂಟದ ಮೂಳೆ ಮುರಿತವು ಸ್ವಾವಲಂಬನೆಯನ್ನು ಕಸಿದುಕೊಳ್ಳುವ ಪ್ರಮುಖ ಕಾರಣ. ಮಲಗಿದ್ದಾಗಲೂ ಎದ್ದು ನಿಂತ ನಂತರ 3 ನಿಮಿಷದೊಳಗೂ ರಕ್ತದೊತ್ತಡವನ್ನು ಅಳೆಯಬೇಕು. ಮೇಲಿನ ಅಂಕಿಯಲ್ಲಿ 20 ಅಥವಾ ಕೆಳಗಿನ ಅಂಕಿಯಲ್ಲಿ 10ರಷ್ಟು ಇಳಿಕೆ ಕಂಡರೆ ತಲೆ ಸುತ್ತಿ ಬೀಳುವ ಸಂಭವವಿದೆ ಎಂದು ತಿಳಿದು ಔಷಧಿಯ ಪ್ರಮಾಣವನ್ನು ಮರುಪರಿಶೀಲಿಸಲಾಗುತ್ತದೆ. ಶೌಚಾಲಯದಲ್ಲಿ ಹಿಡಿಗಂಬಿ, ಜಾರದ ನೆಲ ಮತ್ತು ರಾತ್ರಿ ದೀಪ ಇರುವಂತೆ ನೋಡಿಕೊಳ್ಳಲಾಗುತ್ತದೆ. ಬೀಳುತ್ತಾರೆಂಬ ಕಾರಣಕ್ಕೆ ಮಂಚಕ್ಕೆ ಕಟ್ಟಿಹಾಕುವುದು ಸರಿಯಾದ ಕ್ರಮವಲ್ಲ. ಅದರಿಂದ ಸ್ನಾಯುಗಳು ಕ್ಷೀಣಿಸಿ, ಗೊಂದಲ ಹೆಚ್ಚಿ, ಗಾಯಗಳಾಗುತ್ತವೆ.

4.5 ಹಠಾತ್ ಗೊಂದಲ: ನಿನ್ನೆಯವರೆಗೆ ಸರಿಯಾಗಿ ಮಾತನಾಡುತ್ತಿದ್ದವರು ಇಂದು ಏಕಾಏಕಿ ಅಸಂಬದ್ಧವಾಗಿ ಮಾತನಾಡಿದರೆ ಅದನ್ನು ವಯಸ್ಸಿನ ಲಕ್ಷಣವೆಂದು ಬಿಡಬಾರದು. ಮೂತ್ರದ ಸೋಂಕು, ನ್ಯುಮೋನಿಯ, ನಿರ್ಜಲೀಕರಣ, ರಕ್ತದಲ್ಲಿ ಸೋಡಿಯಂ ಕೊರತೆ, ಮಲಬದ್ಧತೆ ಅಥವಾ ಹೊಸ ಔಷಧಿ ಇದಕ್ಕೆ ಕಾರಣವಾಗಿರಬಹುದು. ಸಕಾಲದಲ್ಲಿ ಪತ್ತೆಯಾದರೆ ಇದು ಬಹುಪಾಲು ಗುಣವಾಗುವ ಸ್ಥಿತಿ. ವೃದ್ಧರಲ್ಲಿ ತೀವ್ರ ಸೋಂಕಿದ್ದರೂ ಜ್ವರ ಕಾಣಿಸದಿರುವುದುಂಟು.

4.6 ದೈನಂದಿನ ಶುಶ್ರೂಷೆ: ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು, ಚರ್ಮದ ಪರಿಶೀಲನೆ, ಬಾಯಿಯ ಶುಚಿತ್ವ, ಕುಳ್ಳಿರಿಸಿ ಉಣಿಸುವುದು, ತಿಂಗಳಿಗೊಮ್ಮೆ ತೂಕ ನೋಡುವುದು, ಇನ್‌ಫ್ಲುಯೆಂಜ ಮತ್ತು ನ್ಯುಮೋಕಾಕಲ್ ಲಸಿಕೆಗಳ ಬಗ್ಗೆ ಸಲಹೆ ಇವು ಮುಖ್ಯ ವೈದ್ಯರ ಮೇಲ್ವಿಚಾರಣೆಯಲ್ಲಿ ನಡೆಯುತ್ತವೆ. ವೈದ್ಯರು ದಿನಕ್ಕೆ ಒಂದೆರಡು ಬಾರಿ ಬಂದು ಹೋಗುವರು. ದಾದಿ ಹಾಗೂ ಆಯಾಗಳು ಇಡೀ ದಿನ ಜೊತೆಗಿರುವರು. ಆದುದರಿಂದ ರಾತ್ರಿ ಪಾಳಿಯ ಸಿಬ್ಬಂದಿಯ ಸಂಖ್ಯೆ ಮತ್ತು ತರಬೇತಿಯು ಸಂಸ್ಥೆಯ ಗುಣಮಟ್ಟದ ನಿಜವಾದ ಅಳತೆಯಾಗಿದೆ.

4.7 ಕುಟುಂಬದೊಡನೆ ಸಮಾಲೋಚನೆ: ರೋಗಿಯ ಇಚ್ಛೆ, ಚಿಕಿತ್ಸೆಯಿಂದ ನಿರೀಕ್ಷಿಸಬಹುದಾದ ಲಾಭ ಮತ್ತು ತಗಲುವ ವೆಚ್ಚವನ್ನು ಮುಖ್ಯ ವೈದ್ಯರು ರೋಗಿಗೂ ಕುಟುಂಬಕ್ಕೂ ತಿಳಿಸುತ್ತಾರೆ. ಮಕ್ಕಳು ಬೇರೆ ಊರಿನಲ್ಲಿ ಅಥವಾ ವಿದೇಶದಲ್ಲಿದ್ದರೆ ತುರ್ತು ಸಮಯದಲ್ಲಿ ಯಾರನ್ನು ಸಂಪರ್ಕಿಸಬೇಕೆಂಬುದನ್ನು ದಾಖಲಾತಿಯ ದಿನವೇ ಲಿಖಿತವಾಗಿ ನೀಡುವುದು ಸೂಕ್ತ.

5. ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆ (ಇ.ಸಿ.ಎಚ್.ಎಸ್.)

ಕೇಂದ್ರ ಸರ್ಕಾರದ ಈ ಯೋಜನೆಯು 1-4-2003ರಿಂದ ಜಾರಿಯಲ್ಲಿದೆ. ಪಿಂಚಣಿ ಪಡೆಯುವ ಮಾಜಿ ಸೈನಿಕರು, ಕುಟುಂಬ ಪಿಂಚಣಿದಾರರು ಹಾಗೂ ಅರ್ಹ ಅವಲಂಬಿತರು ಇದರ ಫಲಾನುಭವಿಗಳು. 1-1-1996ಕ್ಕೆ ಮುನ್ನ ನಿವೃತ್ತರಾದವರಿಗೆ ವಂತಿಗೆಯಿಂದ ವಿನಾಯಿತಿ ಇದೆ. ಸದಸ್ಯರಾದ ನಂತರ ಮಾಸಿಕ ನಿಗದಿತ ವೈದ್ಯಕೀಯ ಭತ್ಯೆ ದೊರೆಯುವುದಿಲ್ಲ.

ಉತ್ತರ ಬೆಂಗಳೂರಿನ ನಿವಾಸಿಗಳು ಯಲಹಂಕದ ಪಾಲಿಕ್ಲಿನಿಕ್‌ನಲ್ಲಿ ಹೊರರೋಗಿ ಸೇವೆ ಪಡೆಯಬಹುದು. ಅಲ್ಲಿಂದ ಕಮಾಂಡ್ ಆಸ್ಪತ್ರೆ (ವಾಯುಪಡೆ) ಅಥವಾ ಮಾನ್ಯತೆ ಪಡೆದ ಖಾಸಗಿ ಆಸ್ಪತ್ರೆಗೆ ರೆಫರಲ್ ನೀಡಲಾಗುತ್ತದೆ. ಹೆಚ್ಚಿನ ವಯಸ್ಸಿನವರಿಗೆ ರೆಫರಲ್ ವಿಷಯದಲ್ಲಿ ಸಡಿಲಿಕೆಯಿದ್ದು, ಚಾಲ್ತಿಯಲ್ಲಿರುವ ಆದೇಶವನ್ನು ಪಾಲಿಕ್ಲಿನಿಕ್‌ನಲ್ಲಿ ತಿಳಿದುಕೊಳ್ಳುವುದು. ಮನೆಯಿಂದ ಹೊರಡಲಾಗದವರಿಗಾಗಿ ಸೇಹತ್ ಎಂಬ ದೂರ ಸಮಾಲೋಚನಾ ವ್ಯವಸ್ಥೆಯನ್ನು ಮೇ 2021ರಲ್ಲಿ ಆರಂಭಿಸಲಾಗಿದೆ.

ತುರ್ತು ಸಂದರ್ಭದಲ್ಲಿ ಹತ್ತಿರದ ಯಾವುದೇ ಆಸ್ಪತ್ರೆಗೆ ಹೋಗಬಹುದು. ಅದು ಮಾನ್ಯತೆ ಪಡೆಯದ ಆಸ್ಪತ್ರೆಯಾಗಿದ್ದಲ್ಲಿ ಸಮೀಪದ ಪಾಲಿಕ್ಲಿನಿಕ್‌ಗೆ 48 ಗಂಟೆಗಳೊಳಗೆ ಮಾಹಿತಿ ನೀಡಬೇಕು. ವೆಚ್ಚವನ್ನು ಮೊದಲು ಕುಟುಂಬದವರೇ ಭರಿಸಿ, ನಂತರ ಬಿಲ್ಲುಗಳನ್ನು ಸಲ್ಲಿಸಬೇಕು. ಮರುಪಾವತಿಯು ಸರ್ಕಾರ ನಿಗದಿಪಡಿಸಿದ ದರಕ್ಕೆ ಸೀಮಿತವಾಗಿರುತ್ತದೆ.

ಮುಖ್ಯ ಸೂಚನೆ: ಸದರಿ ಯೋಜನೆಯು ಚಿಕಿತ್ಸೆಗೆ ಸಂಬಂಧಿಸಿದ್ದಾಗಿದೆ. ಆಸ್ಪತ್ರೆಯಿಂದ ಬಿಡುಗಡೆಯಾದ ಬಳಿಕ ಶುಶ್ರೂಷಾ ಗೃಹದಲ್ಲಿ ತಿಂಗಳುಗಟ್ಟಲೆ ಇರಿಸಿಕೊಳ್ಳುವ ವಾಸ, ಊಟ ಮತ್ತು ಸಹಾಯಕರ ವೆಚ್ಚವನ್ನು ಇದರಿಂದ ನಿರೀಕ್ಷಿಸಬಾರದು. ಸ್ಮಾರ್ಟ್ ಕಾರ್ಡ್ ಇದೆಯೆಂಬ ಭರವಸೆಯಿಂದ ದಾಖಲಿಸಿ, ನಂತರ ಬಿಲ್ಲು ಕಟ್ಟಲಾಗದೆ ತೊಂದರೆಗೊಳಗಾಗುವುದನ್ನು ತಪ್ಪಿಸಲು, ಸಂಸ್ಥೆಯು ಯೋಜನೆಯ ಮಾನ್ಯತೆ ಹೊಂದಿದೆಯೇ, ಯಾವ ಚಿಕಿತ್ಸೆಗೆ ಹೊಂದಿದೆ ಎಂಬುದನ್ನು ಮೊದಲೇ ಪಾಲಿಕ್ಲಿನಿಕ್‌ನಲ್ಲಿ ಖಚಿತಪಡಿಸಿಕೊಳ್ಳಬೇಕು.

6. ಆರೈಕೆ ವೆಚ್ಚಕ್ಕೆ ನೆರವಾಗುವ ಇತರೆ ಸೌಲಭ್ಯಗಳು

(ಅ) ಹೆಚ್ಚುವರಿ ಪಿಂಚಣಿ: ಮೂಲ ಪಿಂಚಣಿ ಅಥವಾ ಕುಟುಂಬ ಪಿಂಚಣಿಯ ಮೇಲೆ 80 ವರ್ಷಕ್ಕೆ ಶೇ. 20, 85ಕ್ಕೆ ಶೇ. 30, 90ಕ್ಕೆ ಶೇ. 40, 95ಕ್ಕೆ ಶೇ. 50 ಮತ್ತು 100 ವರ್ಷಕ್ಕೆ ಶೇ. 100ರಷ್ಟು ಹೆಚ್ಚುವರಿ ಮೊತ್ತ ದೊರೆಯುತ್ತದೆ. ಹಳೆಯ ಪಿಂಚಣಿ ಪಾವತಿ ಆದೇಶಗಳಲ್ಲಿ ಪತ್ನಿಯ ಜನ್ಮ ದಿನಾಂಕ ನಮೂದಾಗಿರದಿದ್ದಲ್ಲಿ ಅರ್ಹ ವಿಧವೆಯರಿಗೆ ಈ ಮೊತ್ತ ತಪ್ಪಿಹೋಗುತ್ತದೆ. ಪತಿ ಜೀವಂತರಿರುವಾಗಲೇ ಇದನ್ನು ಸರಿಪಡಿಸಿಕೊಳ್ಳುವುದು ಸುಲಭ.

(ಆ) ಸತತ ಪರಿಚಾರಕ ಭತ್ಯೆ: ಸೇವೆಗೆ ಸಂಬಂಧಿಸಿದ ಶೇ. 100ರಷ್ಟು ಅಂಗವೈಕಲ್ಯ ಹೊಂದಿದ್ದು, ಸದಾ ಪರಿಚಾರಕರ ಅವಶ್ಯಕತೆಯಿದೆ ಎಂದು ವೈದ್ಯಕೀಯ ಮಂಡಳಿ ಪ್ರಮಾಣೀಕರಿಸಿದವರಿಗೆ ಮಂಜೂರಾಗುತ್ತದೆ. ಕೇವಲ ವಯಸ್ಸಿನ ಕಾರಣದಿಂದ ದೊರೆಯುವುದಿಲ್ಲ.

(ಇ) ನಿರ್ಗತಿಕರ ಸಹಾಯಧನ: ಪಿಂಚಣಿರಹಿತ, ಹವಾಲ್ದಾರ್ ಹಾಗೂ ಅದಕ್ಕಿಂತ ಕೆಳಗಿನ ಶ್ರೇಣಿಯ, 65 ವರ್ಷ ಮೀರಿದ ಮಾಜಿ ಸೈನಿಕರಿಗೆ ಮತ್ತು ಅವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿಯಿಂದ ದೊರೆಯುತ್ತದೆ. ಮಾಸಿಕ ರೂ. 4,000 ಇದ್ದ ಈ ಮೊತ್ತವನ್ನು 1-11-2025ರಿಂದ ಸಲ್ಲಿಕೆಯಾಗುವ ಅರ್ಜಿಗಳಿಗೆ ರೂ. 8,000ಕ್ಕೆ ಹೆಚ್ಚಿಸಲಾಗಿದೆ. ಅರ್ಜಿಯನ್ನು ಮಂಡಳಿಯ ಜಾಲತಾಣದಲ್ಲಿ ಸಲ್ಲಿಸಬೇಕು. ಜಿಲ್ಲಾ ಕಚೇರಿಯ ಶಿಫಾರಸ್ಸು ಅವಶ್ಯಕ.

(ಈ) ಪಿಂಚಣಿರಹಿತರಿಗೆ ವೈದ್ಯಕೀಯ ನೆರವು: ಕೇಂದ್ರೀಯ ಸೈನಿಕ ಮಂಡಳಿಯಿಂದ ಚಿಕಿತ್ಸಾ ಸಹಾಯಧನಕ್ಕೆ ಅರ್ಜಿ ಸಲ್ಲಿಸಬಹುದು. ಇದಲ್ಲದೆ ರಾಜ್ಯದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸೆ ಲಭ್ಯವಿದೆ.

(ಉ) ಬೆನ್ನುಹುರಿ ಗಾಯಗೊಂಡವರು ಹಾಗೂ ಅಂಗ ಕಳೆದುಕೊಂಡವರು: ಪುಣೆಯ ಖಡ್ಕಿಯಲ್ಲಿ 1974ರಿಂದಲೂ ಮೊಹಾಲಿಯಲ್ಲಿ 1978ರಿಂದಲೂ ಬೆನ್ನುಹುರಿ ಗಾಯಾಳುಗಳ ಪುನರ್ವಸತಿ ಕೇಂದ್ರಗಳಿವೆ. ಕೃತಕ ಅಂಗಗಳಿಗಾಗಿ 1944ರಲ್ಲಿ ಸ್ಥಾಪಿತವಾದ ಪುಣೆಯ ಕೃತಕ ಅಂಗ ಕೇಂದ್ರವಿದೆ.

7. ದಾಖಲಾತಿಗೆ ಮುನ್ನ ವಿಚಾರಿಸಬೇಕಾದ ಅಂಶಗಳು

1) ಮುಖ್ಯ ವೈದ್ಯರ ವಿದ್ಯಾರ್ಹತೆ ಮತ್ತು ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ.
2) ವೈದ್ಯರು ಪ್ರತಿದಿನ ಬರುವರೇ, ಕರೆದಾಗ ಮಾತ್ರ ಬರುವರೇ.
3) ರಾತ್ರಿ ವೇಳೆ ಎಷ್ಟು ರೋಗಿಗಳಿಗೆ ಎಷ್ಟು ಮಂದಿ ದಾದಿಯರು.
4) ತುರ್ತು ಸಮಯದಲ್ಲಿ ಯಾವ ಆಸ್ಪತ್ರೆಗೆ ಕಳುಹಿಸಲಾಗುತ್ತದೆ, ಆಂಬುಲೆನ್ಸ್ ವ್ಯವಸ್ಥೆ ಇದೆಯೇ.
5) ಫಿಸಿಯೋಥೆರಪಿ, ಡಯಪರ್, ಆಮ್ಲಜನಕ ಮುಂತಾದವು ಮಾಸಿಕ ಶುಲ್ಕದಲ್ಲಿ ಸೇರಿವೆಯೇ.
6) ಠೇವಣಿ ಹಿಂದಿರುಗಿಸುವ ಷರತ್ತುಗಳೇನು.
7) ಕುಟುಂಬದವರು ಮುನ್ಸೂಚನೆ ಇಲ್ಲದೆ ಭೇಟಿ ನೀಡಲು ಅವಕಾಶವಿದೆಯೇ.

ಕೊನೆಯ ಅಂಶವನ್ನು ನಿರಾಕರಿಸುವ ಸಂಸ್ಥೆಯ ಬಗ್ಗೆ ಹೆಚ್ಚಿನ ಎಚ್ಚರಿಕೆ ವಹಿಸುವುದು ಒಳಿತು.

8. ಜೊತೆಯಲ್ಲಿ ತರಬೇಕಾದ ದಾಖಲೆಗಳು

ಸೇವಾ ಬಿಡುಗಡೆ ಪುಸ್ತಕ, ಪಿಂಚಣಿ ಪಾವತಿ ಆದೇಶ, ಮಾಜಿ ಸೈನಿಕರ ಗುರುತಿನ ಚೀಟಿ, ಇ.ಸಿ.ಎಚ್.ಎಸ್. ಕಾರ್ಡ್, ಆಧಾರ್, ಹಿಂದಿನ ಆಸ್ಪತ್ರೆಗಳ ಬಿಡುಗಡೆ ಸಾರಾಂಶ, ಪ್ರಸ್ತುತ ಸೇವಿಸುತ್ತಿರುವ ಎಲ್ಲಾ ಔಷಧಿಗಳ ಪಟ್ಟಿ ಹಾಗೂ ಖಾಲಿ ಹಾಳೆಗಳು, ಕನ್ನಡಕ, ಶ್ರವಣ ಸಾಧನ ಮತ್ತು ಕಟ್ಟುಹಲ್ಲು. ಕನ್ನಡಕ ಮತ್ತು ಶ್ರವಣ ಸಾಧನ ಇಲ್ಲದೆ ನಡೆಸಿದ ನೆನಪಿನ ಪರೀಕ್ಷೆಯ ಫಲಿತಾಂಶವನ್ನು ನಂಬಲಾಗುವುದಿಲ್ಲ.

9. ಜೀವನ ಪ್ರಮಾಣಪತ್ರ

ಪಿಂಚಣಿ ಮುಂದುವರಿಯಲು ಪ್ರತಿ ವರ್ಷ ಜೀವನ ಪ್ರಮಾಣಪತ್ರ ಸಲ್ಲಿಸಬೇಕು. ಶುಶ್ರೂಷಾ ಗೃಹದಲ್ಲಿರುವವರ ವಿಷಯದಲ್ಲಿ ಇದು ಮರೆತುಹೋಗಿ ಪಿಂಚಣಿ ಸ್ಥಗಿತಗೊಂಡರೆ ಆರೈಕೆಯ ಶುಲ್ಕವೇ ನಿಲ್ಲುತ್ತದೆ. ಬೆರಳಚ್ಚು ಸವೆದು ಯಂತ್ರದಲ್ಲಿ ಗುರುತಾಗದಿದ್ದಲ್ಲಿ ಮೊಬೈಲಿನ ಮುಖಚಹರೆ ದೃಢೀಕರಣದ ಮೂಲಕ ಸಲ್ಲಿಸಬಹುದು.

10. ಅಂತ್ಯಕಾಲದ ಚಿಕಿತ್ಸೆಯ ಬಗ್ಗೆ ಮುಂಗಡ ನಿರ್ದೇಶನ

ಗುಣವಾಗದ ಸ್ಥಿತಿಯಲ್ಲಿ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಸ್ವಸ್ಥಚಿತ್ತದ ವಯಸ್ಕರು ಮೊದಲೇ ಬರೆದಿಡುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಮಾನ್ಯ ಮಾಡಿತು. 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಅದರಂತೆ ಇಬ್ಬರು ಸಾಕ್ಷಿಗಳ ಸಮಕ್ಷಮ ಸಹಿ ಮಾಡಿ, ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆಯು ಜನವರಿ 2025ರಲ್ಲಿ ಈ ಬಗ್ಗೆ ಸುತ್ತೋಲೆ ಹೊರಡಿಸಿದೆ. ಮರೆವಿನ ಕಾಯಿಲೆ ಮುಂದುವರಿದ ನಂತರ ಇಂತಹ ನಿರ್ದೇಶನ ಬರೆಯಲಾಗುವುದಿಲ್ಲವಾದ್ದರಿಂದ, ರೋಗದ ಆರಂಭದಲ್ಲಿಯೇ ಮಾತನಾಡಿಕೊಳ್ಳುವುದು ಕುಟುಂಬದ ಮೇಲಿನ ಭಾರವನ್ನು ಕಡಿಮೆ ಮಾಡುತ್ತದೆ. ಇದು ಚಿಕಿತ್ಸೆಯನ್ನೇ ನಿಲ್ಲಿಸುವ ಪತ್ರವಲ್ಲ. ನೋವು ನಿವಾರಣೆ ಮತ್ತು ಶುಶ್ರೂಷೆಯು ಕೊನೆಯವರೆಗೂ ಮುಂದುವರಿಯುತ್ತದೆ.

11. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ತಂದೆಯವರನ್ನು ಮಕ್ಕಳು ನೋಡಿಕೊಳ್ಳದಿದ್ದಲ್ಲಿ ಏನು ಮಾಡಬಹುದು?
ಉತ್ತರ: ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, 2007ರ ಅಡಿಯಲ್ಲಿ ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ವಕೀಲರ ಅಗತ್ಯವಿಲ್ಲ. ನೋಡಿಕೊಳ್ಳಬೇಕೆಂಬ ಷರತ್ತಿನೊಂದಿಗೆ ಬರೆದುಕೊಟ್ಟ ದಾನಪತ್ರವನ್ನು, ಷರತ್ತು ಪಾಲನೆಯಾಗದಿದ್ದಲ್ಲಿ, ಕಲಂ 23ರಡಿ ಅನೂರ್ಜಿತಗೊಳಿಸಲು ಕೋರಬಹುದು. ಆದುದರಿಂದ ಷರತ್ತನ್ನು ಪತ್ರದಲ್ಲಿಯೇ ನಮೂದಿಸುವುದು ಅವಶ್ಯಕ.

ಪ್ರಶ್ನೆ: ಬಾಕಿ ಹಣಕ್ಕಾಗಿ ಖಾಸಗಿ ಆಸ್ಪತ್ರೆಯು ಮೃತದೇಹವನ್ನು ತಡೆಹಿಡಿಯಬಹುದೇ?
ಉತ್ತರ: ಇಲ್ಲ. 2017ರಲ್ಲಿ ತಿದ್ದುಪಡಿಯಾದ ರಾಜ್ಯ ಅಧಿನಿಯಮದಂತೆ ದೇಹವನ್ನು ಹಸ್ತಾಂತರಿಸಿ, ಬಾಕಿಯನ್ನು ನಂತರ ವಸೂಲು ಮಾಡಬೇಕು.

ಪ್ರಶ್ನೆ: ಮನೆಯಲ್ಲಿಯೇ ಆರೈಕೆ ಮಾಡುವುದು ತಪ್ಪೇ?
ಉತ್ತರ: ಅಲ್ಲ. ರೋಗಿಯ ಸ್ಥಿತಿ ಸ್ಥಿರವಾಗಿದ್ದು ಇಬ್ಬರಾದರೂ ಸರದಿಯ ಮೇಲೆ ನೋಡಿಕೊಳ್ಳಲು ಸಾಧ್ಯವಿದ್ದರೆ ಮನೆಯೇ ಉತ್ತಮ. ಒಬ್ಬರೇ ವಯಸ್ಸಾದ ಪತ್ನಿ ಹಗಲು-ರಾತ್ರಿ ನೋಡಿಕೊಳ್ಳುತ್ತಿದ್ದಲ್ಲಿ ಆಕೆಯ ಆರೋಗ್ಯವನ್ನೂ ವೈದ್ಯರು ಪರೀಕ್ಷಿಸಬೇಕು. ಅಲ್ಪಾವಧಿಯ ದಾಖಲಾತಿಯಿಂದ ಆಕೆಗೆ ವಿಶ್ರಾಂತಿ ದೊರೆಯುತ್ತದೆ.

12. ಸಂಪರ್ಕ

ಗುರುತಿನ ಚೀಟಿ, ಸಹಾಯಧನ ಮತ್ತು ಶಿಫಾರಸ್ಸು ಪತ್ರಗಳಿಗಾಗಿ: ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ, ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಭವನ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ, ಬೆಂಗಳೂರು-560025. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೊಡಗಿನ ಕಾರ್ಯಪ್ಪನವರು 1993ರಲ್ಲಿ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ನಿಧನರಾದರು. ಭವನಕ್ಕೆ ಅವರ ಹೆಸರನ್ನು ಇಡಲಾಗಿದೆ.

ಇ.ಸಿ.ಎಚ್.ಎಸ್. ಉಚಿತ ದೂರವಾಣಿ: 1800-114-115
ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ: 14567
ಆಂಬುಲೆನ್ಸ್: 108

ಅರ್ಜಿದಾರರು ಸ್ವತಃ ಬರಲು ಅಶಕ್ತರಾಗಿದ್ದಲ್ಲಿ, ಅವರ ಸಹಿಯುಳ್ಳ ಅಧಿಕಾರ ಪತ್ರ ಹಾಗೂ ದಾಖಲೆಗಳೊಂದಿಗೆ ಕುಟುಂಬದ ಸದಸ್ಯರು ಕಚೇರಿಯಲ್ಲಿ ವಿಚಾರಿಸಬಹುದು. ಮೂಲ ದಾಖಲೆಗಳನ್ನು ತೋರಿಸಿ ಹಿಂಪಡೆಯುವುದು. ಅರ್ಜಿಯೊಂದಿಗೆ ಪ್ರತಿಗಳನ್ನು ಮಾತ್ರ ಲಗತ್ತಿಸುವುದು.